ಶಾದಿಖಾನೆಯಲ್ಲಿ ಕೇಳಿದ ರಾಯ್

ಆ ದಿನ ಶಾದಿಖಾನೆಯ ವೇದಿಕೆಯ ಮೇಲೆ ಮದುಮಕ್ಕಳ ಕುರ್ಚಿಗಳಿದ್ದದ್ದು ಮಾತ್ರ ಖಚಿತ. ಕೆಂಪು ಮಖಮಲ್ಲು ಹೊದಿಸಿದ, ಬಂಗಾರದ ಬಣ್ಣದ ಹಿಡಿಕೆಗಳ ಎರಡು ದೊಡ್ಡ ಕುರ್ಚಿಗಳು. ಹಿಂದಿನ ದಿನ ಅಲ್ಲಿ ಯಾರದೋ ನಿಕಾಹ್ ಆಗಿತ್ತು. ಕುರ್ಚಿ ಒಯ್ಯಬೇಕಾದವರು ಬಂದಿರಲಿಲ್ಲ. ಹೀಗಾಗಿ ವೆಬ್ ಪ್ರೋಗ್ರಾಮಿಂಗ್ ಸಮ್ಮೇಳನದ ಭಾಷಣಕಾರರೆಲ್ಲ ತಮ್ಮ ತಮ್ಮ ಸರದಿ ಬರುವವರೆಗೆ ಅವುಗಳಲ್ಲೇ ಮದುಮಕ್ಕಳಂತೆ ಕೂತರು.

ಉಳಿದ ವಿಷಯಗಳಲ್ಲಿ ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂಬುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ಬಹಳ ವರ್ಷ ಅದನ್ನು ಬೇರೆಯವರ ಮಾತಿಗೆ ಹಚ್ಚುತ್ತಿದ್ದೆ. ಈಗ ನನ್ನ ನೆನಪಿಗೂ ಹಚ್ಚುವ ಚಟ ಹತ್ತಿದೆ. ಒಂದು ದೃಶ್ಯ ತೀರ ಸ್ಪಷ್ಟವಾಗಿ ಕಣ್ಣ ಮುಂದೆ ಬಂದರೆ, ಇದನ್ನು ಆಮೇಲೆ ಯಾವಾಗಲೋ ನಾನೇ ಕೂತು ಕಟ್ಟಿರಬೇಕು ಎಂಬ ಅನುಮಾನ ಮೊದಲು ಬರುತ್ತದೆ.

ಸಮ್ಮೇಳನ ಎಂಬ ಹೆಸರು ಬ್ಯಾನರಿನ ಮೇಲೆ ಮಾತ್ರ ಇತ್ತು. ಬಸವಕಲ್ಯಾಣದಲ್ಲಿ ಎಲ್ಲರೂ ಅದನ್ನು ಕಂಪ್ಯೂಟರ್ ಜಲ್ಸಾ ಎನ್ನುತ್ತಿದ್ದರು. ನಡೆಸುತ್ತಿದ್ದವನು ನನ್ನ ಗೆಳೆಯ, ಪಿಯುಸಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತವನು. ಅವರ ಮನೆತನ ಕೋಟೆಯ ಹತ್ತಿರದ ಓಣಿಯಲ್ಲಿ ಯಾವ ಕಾಲದಿಂದ ಇದೆ ಎಂಬುದು ಅವರಿಗೂ ಗೊತ್ತಿಲ್ಲ. ಅಜ್ಜ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಅಪ್ಪ ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸು ತೆಗೆದರು. ಇವನು ಅದೇ ಅಂಗಡಿಯಲ್ಲಿ ಕೂತು ಕನ್ನಡ, ಉರ್ದು, ಮರಾಠಿಗಳಲ್ಲಿ ವೆಬ್‌ಸೈಟು ಮಾಡಿಕೊಡತೊಡಗಿದ. ಆಸುಪಾಸಿನಲ್ಲಿ ಈ ಕೆಲಸ ಮಾಡುವವರನ್ನೆಲ್ಲ ವರ್ಷಕ್ಕೊಮ್ಮೆ ಒಂದು ಕಡೆ ಕೂಡಿಸಬೇಕು ಎಂಬ ಹುಚ್ಚು ಅವನದೇ.

ಆ ವರ್ಷ ನಾನು ಬರಿ ಮಾತಾಡಲು ಹೋಗಿರಲಿಲ್ಲ. ಹುಮನಾಬಾದಿನ ಧಾನ್ಯದ ಮಾರುಕಟ್ಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಕೆಲವು ಅಡತಿ ಅಂಗಡಿಯವರು ದಿನದ ಧಾರಣೆಯನ್ನು ಫೋನಿನಲ್ಲಿ ನೋಡುವಂಥ ಒಂದು ಪುಟ ಬೇಕು, ಕನ್ನಡದಲ್ಲೂ ಉರ್ದುವಿನಲ್ಲೂ ಬೇಕು ಎಂದು ನನ್ನ ಗೆಳೆಯನ ಗುಂಪಿಗೆ ಕೇಳಿದ್ದರು. ಅದನ್ನು ಕಟ್ಟಲು ಇಬ್ಬರು ಮುಂದೆ ಬಂದಿದ್ದೆವು. ಒಬ್ಬಳು ಹುಮನಾಬಾದಿನ ತರುಣಿ. ಡಿಪ್ಲೊಮಾ ಮುಗಿಸಿ ಅಲ್ಲಿನ ಕೈಗಾರಿಕಾ ಪ್ರದೇಶದ ಔಷಧ ಘಟಕಗಳಿಗೆ ವೆಬ್‌ಸೈಟು ಮಾಡಿಕೊಡುತ್ತ, ಸಂಜೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಇನ್ನೊಬ್ಬ ನಾನು.

“ಇಬ್ಬರೂ ಜಲ್ಸಾದಾಗ ತೋರಸ್ರಿ. ಮಂದಿ ರಾಯ್ ಕೊಡಲಿ. ಆಮ್ಯಾಲ ನೋಡೂಣು,” ಎಂದಿದ್ದ ಗೆಳೆಯ ಫೋನಿನಲ್ಲಿ.

ನಾನು ಹುಟ್ಟಿ ಬೆಳೆದದ್ದು ಹುಮನಾಬಾದಿನಲ್ಲಿ. ಆಗ ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ. ಯಾರೂ ಎಂದೂ ಬಳಸದ ಪ್ರೋಗ್ರಾಮುಗಳನ್ನು ಬರೆಸಿ, ಅದಕ್ಕೆ ಅಂಕ ಕೊಡುವುದು ಸಾಕಾಗಿತ್ತು. ಈ ಕೆಲಸ ಸಿಕ್ಕರೆ ಕಾಲೇಜು ಬಿಟ್ಟು ಊರಿಗೆ ಮರಳಿ, ಇವರ ಗುಂಪಿನಲ್ಲಿ ಒಬ್ಬನಾಗಬೇಕೆಂದು ನಿರ್ಧರಿಸಿದ್ದೆ. ಹುಮನಾಬಾದಿನಲ್ಲಿ ಒಂದು ಬಾಡಿಗೆ ಮನೆಯನ್ನು ನೋಡಿ, ಮಾಲೀಕರಿಗೆ ಸ್ವಲ್ಪ ದಿನ ತಡೆಯಿರಿ ಎಂದು ಹೇಳಿಯೂ ಬಂದಿದ್ದೆ. ಇದು ಗೆಳೆಯನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ರಾಯ್, ಅಂದರೆ ಅಭಿಪ್ರಾಯ, ಕೊಡುವುದು ಎಂದರೆ ಅಲ್ಲಿ ಕಾಗದ, ಪೆನ್ನಿನ ಬಾಬತ್ತಲ್ಲ. ಭಾಷಣ ಮುಗಿದ ಮೇಲೆ ಮೈಕು ಕೆಳಗಿಳಿಯುತ್ತದೆ. ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ಹೋಗುತ್ತದೆ. ಯಾರಿಗೆ ಏನನ್ನಿಸಿತೋ ಅದನ್ನು ನಿಂತು ಹೇಳಬೇಕು, ಭಾಷಣ ಮಾಡಿದವರು ಅಲ್ಲೇ ನಿಂತು ಕೇಳಬೇಕು. ಸಭೆಯಲ್ಲಿ ಪ್ರೋಗ್ರಾಂ ಬರೆಯುವವರು ಎಷ್ಟು ಮಂದಿ ಇದ್ದರೋ, ಬರೆಸಿಕೊಳ್ಳುವವರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಅಡತಿಯವರು, ಫೋನು ರಿಪೇರಿಯವರು, ಇಬ್ಬರೋ ಮೂವರೋ ಶಾಲಾ ಮಾಸ್ತರರು, ಗೋರ್ಟಾದ ಕಡೆಯಿಂದ ಬಂದ ಕೆಲವು ಸಣ್ಣ ರೈತರು. ನನ್ನ ಕಾಲೇಜಿನ ವಿಚಾರಗೋಷ್ಠಿಗಳಲ್ಲಿ ಅಂಥ ಸಭೆ ಸಿಗುವುದಿಲ್ಲ.

ಮೊದಲು ಹುಮನಾಬಾದಿನ ತರುಣಿಯ ಸರದಿ. ತನ್ನ ಪುಟವನ್ನು ತೋರಿಸಿ, ಅದನ್ನು ಹೇಗೆ ಕಟ್ಟಿದೆ ಎಂದು ಬಡಬಡನೆ ಹೇಳಿ ಮುಗಿಸಿದಳು. ಅದರಲ್ಲಿ ಇನ್ನೂ ಕನ್ನಡ ಮಾತ್ರ ಇತ್ತು. ಮೈಕು ಇಳಿಯಿತು. ಹುಮನಾಬಾದಿನ ಒಬ್ಬ ಹಿರಿಯ ಅಡತಿಯವರು ಎದ್ದರು.

“ಅಕ್ಕೋರೆ, ನಿಮ್ಮ ಪೇಜ್ ತೆರಿಯೂದ್ರಾಗ ನಾ ತೊಗರಿ ಮಾರಿ, ಚಾ ಕುಡದು, ಮನಿಗಿ ಹೋಗಿ ಮಕ್ಕೊಂಡಿರ್ತೀನ್ರಿ.”

ಸಭೆ ಘೊಳ್ಳೆಂದು ನಕ್ಕಿತು. ಅವಳು ಬಿಡಲಿಲ್ಲ.

“ಕಾಕಾ, ನಿಮ್ಮ ಫೋನಿನಾಗ ಮದಿವಿ ವಿಡಿಯೋ ತುಂಬಿ ತುಳಕಾಕತ್ತಾವ. ಅವು ಮೊದಲ ತೆಗೀರಿ, ಆಮ್ಯಾಲ ನನ್ನ ಪೇಜಿಗಿ ಹೆಸರಿಡ್ರಿ.”

“ಅವು ನನ್ನ ಮೊಮ್ಮಗಳ ಮದಿವಿವು. ತೆಗಿಯಂಗಿಲ್ಲ. ನೀನೇ ನಿನ್ನ ಪೇಜ್ ಹಗುರ ಮಾಡು.”

ಮೈಕು ಮನ್ನಾಏಖೇಳ್ಳಿಯ ಮೊಬೈಲ್ ಅಂಗಡಿಯವನ ಕೈಗೆ ಹೋಯಿತು. “ಅಕ್ಕಾ, ಆ ಹಸರ ಬಟನ್ ಬಿಸಲಾಗ ಕಾಣಂಗೇ ಇಲ್ಲ. ಶಾದಿಖಾನೆದಾಗ ಕತ್ತಲಿ ಅದ ಅಂತ ಚಂದ ಕಾಣಾಕತ್ತದ. ಮಾರ್ಕೆಟಿನಾಗ ನಿಂತು ನೋಡಬೇಕು.”

“ನೋಡೀನಿ!”

“ಯಾವಾಗ?”

“ಮುಂಜಾನಿ ಎದ್ದು ಹೋಗಿ.”

“ಮುಂಜಾನಿ ಎದ್ದು ನಿಮ್ಮಪ್ಪ ಮಾರ್ತಾನೇನು ತೊಗರಿ? ಮಟಮಟ ಮಧ್ಯಾನದಾಗ ನೋಡು.”

ಅವಳ ಅಪ್ಪ ಅಲ್ಲೇ ಕೂತಿದ್ದರೆಂದು ಕಾಣುತ್ತದೆ. ಹಿಂದಿನ ಸಾಲಿನಿಂದ ಒಂದು ದನಿ, “ಏ, ನನ್ನ ಹೆಸರ ಯಾಕ ತಗೀತಿ?” ಎಂದಿತು. ಮತ್ತೆ ನಗು. ಹೀಗೇ ನಡೆಯಿತು. ಅಕ್ಷರ ಸಣ್ಣದು, ನಿನ್ನೆಯ ಧಾರಣೆ ಯಾಕೆ ತೋರಿಸುವುದಿಲ್ಲ, ಸೋಯಾ ಯಾಕೆ ತಳಕ್ಕೆ ಹೋಯಿತು, ಕಾಳಿನ ಹೆಸರಿನ ಬದಲು ಚಿತ್ರ ಹಾಕಿದರೆ ಏನಾಗುತ್ತದೆ. ಅವಳು ಒಂದಕ್ಕೆ ಒಪ್ಪುವಳು, ಇನ್ನೊಂದಕ್ಕೆ ಜಗಳ ತೆಗೆಯುವಳು, ಮತ್ತೊಂದಕ್ಕೆ “ಅದು ನಂಗ ಬರಂಗಿಲ್ಲ, ನಿಮಗ ಬಂದ್ರ ಮಾಡಿಕೊಡ್ರಿ” ಎನ್ನುವಳು. ಶುರುವಿನಲ್ಲಿ ಅಕ್ಕೋರು ಎನ್ನಿಸಿಕೊಂಡವಳು ಮುಗಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ನೀನು ಆಗಿದ್ದಳು. ಮಖಮಲ್ಲಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ನನಗೆ ಪಾಪ ಎನ್ನಿಸಿತು. ಕೆಲಸ ನನಗೇ ಸಿಕ್ಕಿತು ಎಂದೂ ಅನ್ನಿಸಿತು.

ಊಟವಾದ ಮೇಲೆ ನನ್ನನ್ನು ಕರೆದರು. ಗೆಳೆಯ ನನ್ನ ಓದು, ಪದವಿಗಳನ್ನೆಲ್ಲ ಹೇಳಿ, “ನಮ್ಮ ಮ್ಯಾಲಿನ ಪ್ರೀತಿಗಿ ಅಷ್ಟು ದೂರಿಂದ ಬಂದಾರ” ಎಂದು ಶಾಲು ಹೊದಿಸಿದ. ಕಲಬುರಗಿ ಅಂಥ ದೂರವೇನಲ್ಲ. ಆದರೆ ಶಾಲು ಹೆಗಲ ಮೇಲೆ ಬಿದ್ದಾಗ ಯಾರೂ ದೂರದ ಲೆಕ್ಕ ಹಾಕುವುದಿಲ್ಲ, ನಾನೂ ಹಾಕಲಿಲ್ಲ.

ನಾನು ತೋರಿಸಿದ್ದು ಎರಡು ಭಾಷೆಯ ಪುಟ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ, ಉರ್ದು ಬಲದಿಂದ ಎಡಕ್ಕೆ ಬರುತ್ತದೆ. ಗುಂಡಿ ಒತ್ತಿದರೆ ಇಡೀ ಪುಟ ಹೊರಳಬೇಕು. ಧಾರಣೆಯ ಕೋಷ್ಟಕದಲ್ಲಿ ಮೇಲೆ ತೊಗರಿ, ಹೆಸರುಕಾಳು, ಉದ್ದು, ಜೋಳ ಎಂದು ಕಾಳುಗಳ ಹೆಸರು, ಕೆಳಗೆ ಅವುಗಳ ದರ. ಗುಂಡಿ ಒತ್ತಿದೆ. ಪುಟ ಹೊರಳಿತು. ಸಭೆಯಿಂದ “ವಾಹ್” ಎಂಬ ಉದ್ಗಾರ ಬಂತು. ಉರ್ದು ಹೆಸರುಗಳನ್ನು ಗೆಳೆಯನೇ ಬೆರಳಚ್ಚು ಮಾಡಿ ಕಳಿಸಿದ್ದ. ನನಗೆ ಉರ್ದು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹೊರಳಿದ ಕೋಷ್ಟಕವನ್ನು ಪರದೆಯ ಮೇಲೆ ಹಾಗೇ ಬಿಟ್ಟು ಸಭೆಯ ಕಡೆಗೆ ತಿರುಗಿ ಉಳಿದ ಮಾತು ಮುಗಿಸಿದೆ.

ಮೈಕು ಇಳಿಯಿತು. ಅದೇ ಹಿರಿಯ ಅಡತಿಯವರು ಎದ್ದರು. ನಾನು ನಗಲು ತಯಾರಾದೆ.

“ಎರಡು ಮಾತಿಲ್ರಿ ಸಾಹೇಬ್ರ. ನಮ್ಮಂಥ ಊರಿಗಿ ಇಷ್ಟು ದೊಡ್ಡ ವಿದ್ಯಾ ತೊಗೊಂಡು ಬಂದೀರಿ. ಶುಕ್ರಿಯಾ.”

ಮನ್ನಾಏಖೇಳ್ಳಿಯವನು, “ಸೂಪರ್ ಸರ್,” ಎಂದು ಕೂತುಬಿಟ್ಟ. ಒಬ್ಬ ಮಾಸ್ತರರು, “ಭಾಳ ಛಲೋ ಆತ್ರಿ” ಎಂದರು. ಇನ್ನೊಬ್ಬರು ಅದನ್ನೇ ಹೇಳಿದರು. ಮೈಕು ಸರಸರನೆ ಹಿಂದಿನ ಸಾಲಿನವರೆಗೆ ಹೋಗಿ ಸರಸರನೆ ಮರಳಿ ಬಂತು.

ಇಲ್ಲಿ ನನ್ನ ನೆನಪಿನಲ್ಲಿ ಒಂದು ಬೆರಳು ಇದೆ. ಕಿಟಕಿಯ ಪಕ್ಕದ ಸಾಲಿನಲ್ಲಿ ಬಿಳಿ ಗಡ್ಡದ ಒಬ್ಬ ವೃದ್ಧರು, ನಿವೃತ್ತ ಉರ್ದು ಮಾಸ್ತರರು, ತೋರುಬೆರಳನ್ನು ಪರದೆಯ ಕಡೆಗೆ ಎತ್ತುತ್ತಾರೆ. ಪಕ್ಕದವರು ಅವರ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾರೆ. ಬೆರಳು ಇಳಿಯುತ್ತದೆ. ಅವರು ಮುಗುಳ್ನಕ್ಕು “ಮಾಶಾಅಲ್ಲಾಹ್” ಎನ್ನುತ್ತಾರೆ. ಎಷ್ಟೋ ಸಲ ಇದನ್ನು ನೆನೆದಿದ್ದೇನೆ. ಪ್ರತಿ ಸಲವೂ ಬೆರಳು ಇನ್ನಷ್ಟು ಮೇಲೆ ಏಳುತ್ತದೆ. ಆ ಕಾರಣಕ್ಕೇ ಅದನ್ನು ಪೂರ್ತಿ ನಂಬಲು ಆಗುತ್ತಿಲ್ಲ.

ಅಂದು ಸಂಜೆ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಆ ತರುಣಿಯೂ ಇದ್ದಳು. ಅವಳ ಅಪ್ಪ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಗೆದ್ದವನ ಉದಾರತನದಿಂದ ನಾನು ಅವಳಿಗೆ ಸಮಾಧಾನ ಹೇಳಲು ಹೋದೆ.

“ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಯಾಕ್ರಿ ಸರ್?”

“ಅಷ್ಟು ಮಂದಿ ಅಷ್ಟು ತಪ್ಪು ಹುಡುಕಿದ್ರಲ್ಲ.”

“ಹುಡುಕಲಿಲ್ಲಂದ್ರ ನಾ ಏನು ತಿದ್ದಲಿ?” ಎಂದಳು. ಅವಳಿಗೆ ನನ್ನ ಮಾತು ನಿಜವಾಗಿಯೂ ಅರ್ಥವಾಗಿರಲಿಲ್ಲ.

“ನಂದು ಹ್ಯಾಂಗಿತ್ತು?”

“ಛಲೋ ಇತ್ರಿ ಸರ್.”

ಇಷ್ಟು ಹೇಳಿ ಕಿಟಕಿಯ ಹೊರಗೆ ನೋಡಿದಳು. ಹಾಗೆಂದು ನನ್ನ ನೆನಪು ಹೇಳುತ್ತದೆ. ಕಾರ್ಖಾನೆಗಳ ವಾಸನೆ ಬಸ್ಸಿನೊಳಗೆ ಬರುತ್ತಿತ್ತು, ಕಿಟಕಿ ಮುಚ್ಚಲು ಅತ್ತ ತಿರುಗಿರಲೂಬಹುದು. ಅವತ್ತು ಅದಕ್ಕೆ ನಾನು ಯಾವ ಅರ್ಥವನ್ನೂ ಹಚ್ಚಲಿಲ್ಲ. ಹೊಗಳಿಕೆಯನ್ನು ಅನುಮಾನಿಸುವುದೇ ಕಸುಬಾದ ನಾನು ಅಂದು ಕೇಳಿದ ಹೊಗಳಿಕೆಯನ್ನು ಹಾಗೇ ನುಂಗಿಕೊಂಡೆ. ಹುಮನಾಬಾದಿನಲ್ಲಿ ಇಳಿದು, ಬಾಡಿಗೆ ಮನೆಯ ಮಾಲೀಕರನ್ನು ಕಂಡು, ಇನ್ನು ಹೆಚ್ಚು ದಿನ ಕಾಯಿಸುವುದಿಲ್ಲ ಎಂದು ಹೇಳಿ, ಕಲಬುರಗಿಯ ಬಸ್ಸು ಹತ್ತಿದೆ.

ಗೆಳೆಯನ ಫೋನು ಬರಲಿಲ್ಲ. ನಾನೇ ಮಾಡಿದಾಗ, “ಮಾತಾಡಾಕತ್ತೀವಿ, ಮಾತಾಡಾಕತ್ತೀವಿ” ಎನ್ನುತ್ತಿದ್ದ. ಕಾಲೇಜಿನಲ್ಲಿ ಹೊಸ ಸೆಮಿಸ್ಟರಿನ ವೇಳಾಪಟ್ಟಿ ಹಾಕುವ ಹೊತ್ತು ಬಂತು. ಇರುತ್ತೇನೋ ಇಲ್ಲವೋ ಎಂದು ಅವರಿಗೆ ಹೇಳಲೇಬೇಕಾಗಿತ್ತು. ಒಂದು ಭಾನುವಾರ ಯಾರಿಗೂ ಹೇಳದೆ ಬಸವಕಲ್ಯಾಣದ ಬಸ್ಸು ಹತ್ತಿದೆ.

ಗೆಳೆಯನ ಅಂಗಡಿಯಲ್ಲಿ ಗುಂಪೆಲ್ಲ ನೆರೆದಿತ್ತು. ಮದುವೆ ಕಾರ್ಡಿನ ರಟ್ಟುಗಳ ಮೇಲೆ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನ ಮುಂದೆ ಹುಮನಾಬಾದಿನ ತರುಣಿ, ಅವಳ ಹಿಂದೆ ನಿಂತು ಬೈಯುತ್ತಿರುವ ಮನ್ನಾಏಖೇಳ್ಳಿಯವನು. ಪರದೆಯ ಮೇಲೆ ಇದ್ದದ್ದು ಅವಳ ಪುಟ. ಗುಂಡಿ ಈಗ ಹಸಿರಾಗಿರಲಿಲ್ಲ. ಉರ್ದು ಭಾಗವನ್ನೂ ಸೇರಿಸಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೆ ಎಲ್ಲರೂ ಎದ್ದು ನಿಂತರು. ಅವಳೂ ಎದ್ದಳು. ನನಗಾಗಿ ಒಂದು ಕುರ್ಚಿ ಖಾಲಿಯಾಯಿತು, ಚಹಾಕ್ಕೆ ಹೇಳಿದರು, ಬೈಗುಳ ನಿಂತಿತು.

ಕೆಲಸ ಯಾರಿಗೆ ಹೋಗಿದೆ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ.

“ಬಾ ದೋಸ್ತ್, ಕೂಡು ಮೊದಲ,” ಎಂದ ಗೆಳೆಯ.

“ನಂದು ಛಲೋ ಆತು ಅಂದ್ರಲ್ಲ ಎಲ್ಲಾರೂ?”

“ಛಲೋನೇ ಇತ್ತಲ್ಲೋ. ಅದಕ್ಕ ಯಾರೂ ಕೈ ಹಚ್ಚಲಿಲ್ಲ.”

“ಛಲೋ ಇದ್ರ ಯಾಕ ತೊಗೊಳ್ಳಲಿಲ್ಲ?”

ಗೆಳೆಯ ಚಹಾ ಇನ್ನೂ ಬರಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡಿದ. ಮನ್ನಾಏಖೇಳ್ಳಿಯವನು ತನ್ನ ಫೋನು ತೆಗೆದ. ಕೊನೆಗೆ ಬಾಯಿ ಬಿಟ್ಟವಳು ಆ ತರುಣಿ.

“ಸರ್, ನಿಮ್ಮ ಪೇಜಿನಾಗ ತೊಗರಿ ಜೋಳದ ರೇಟಿಗಿ ಮಾರಾಕತ್ತಿತ್ರಿ.”

ನಾನು ನನ್ನ ಪುಟವನ್ನು ತೆರೆದೆ. ಗುಂಡಿ ಒತ್ತಿದೆ. ಗೆಳೆಯ ಒಂದೊಂದೇ ಉರ್ದು ಹೆಸರಿನ ಮೇಲೆ ಬೆರಳಿಟ್ಟು ಓದಿ ಹೇಳಿದ. ತೊಗರಿಯ ಕೆಳಗೆ ಜೋಳದ ದರ ಇತ್ತು, ಜೋಳದ ಕೆಳಗೆ ತೊಗರಿಯದು. ಹೆಸರುಕಾಳು, ಉದ್ದುಗಳ ದರಗಳೂ ಅದಲುಬದಲಾಗಿದ್ದವು. ಆದದ್ದು ಇಷ್ಟೇ. ಉರ್ದುವಿಗಾಗಿ ಕಾಳುಗಳ ಹೆಸರಿನ ಕ್ರಮವನ್ನು ತಿರುವುವ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ನಾನೇ ಮೊದಲು ಬರೆದಿದ್ದೆ. ಪುಟ ಹೊರಳಿದಾಗ ಬ್ರೌಸರು ಅವುಗಳನ್ನು ಇನ್ನೊಮ್ಮೆ ತಿರುವಿತು. ಎರಡು ಸಲ ತಿರುವಿದ ಹೆಸರುಗಳು ಮೊದಲಿದ್ದ ಕಡೆಗೇ ಬಂದು ನಿಂತವು, ದರಗಳು ಒಂದು ಸಲ ಮಾತ್ರ ತಿರುಗಿದವು. ಒಂದು ಸಾಲು ಅಳಿಸಿದರೆ ಸರಿಯಾಗುವ ತಪ್ಪು. ಯಾರಾದರೂ ಒಂದು ಮಾತು ಹೇಳಿದ್ದರೆ ವೇದಿಕೆಯ ಮೇಲೆ ನಿಂತಲ್ಲೇ ಅಳಿಸುತ್ತಿದ್ದೆ.

ಅಗ್ಗದ ಜೋಳದ ದರಕ್ಕೆ ತೊಗರಿ ಎಂದರೆ ನಮ್ಮ ಮಾರುಕಟ್ಟೆಯಲ್ಲಿ ವಾರಗಟ್ಟಲೆ ನಗುವಂಥ ಸಂಗತಿ. ಸಭೆಯಲ್ಲಿ ಉರ್ದು ಓದಬಲ್ಲವರು ಅರ್ಧಕ್ಕರ್ಧ ಇದ್ದರು. ಕೋಷ್ಟಕ ಪರದೆಯ ಮೇಲೆ ಅಷ್ಟು ಹೊತ್ತು ಇತ್ತು. ನಾನು ಬೆನ್ನು ಮಾಡಿ ನಿಂತಿದ್ದೆ, ಅವರೆಲ್ಲ ನೋಡುತ್ತ ಕೂತಿದ್ದರು. ಅಂಗಡಿಯಲ್ಲಿ ಅಂದಾದರೂ ಯಾರಾದರೂ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಇದೇ ತಪ್ಪನ್ನು ಆ ಹುಡುಗಿ ಮಾಡಿದ್ದರೆ, ಶಾದಿಖಾನೆಯ ಛಾವಣಿ ಹಾರುವಂತೆ ನಗುತ್ತಿದ್ದರು.

“ಒಬ್ಬರಾದ್ರೂ ಹೇಳಬಾರದಿತ್ತಾ?” ಎಂದೆ.

“ಮೆಹಮಾನರಿಗಿ ಮಂದಿ ಮುಂದ ಹ್ಯಾಂಗ ಹೇಳೂದ್ರಿ ಸರ್?” ಎಂದ ಮನ್ನಾಏಖೇಳ್ಳಿಯವನು, ಫೋನಿನಿಂದ ತಲೆ ಎತ್ತದೆ.

“ನಾ ಮೆಹಮಾನ? ಹುಮನಾಬಾದದಾಗ ಹುಟ್ಟೀನಿ ನಾ.”

“ಹುಟ್ಟೀರಿ ಸರ್, ಯಾರು ಇಲ್ಲಂತಾರ?” ಎಂದಳು ತರುಣಿ. “ಖರೆ ಅವತ್ತ ನೀವೇ, ‘ಈ ಭಾಗದ ಜನರಿಗೆ’ ಅಂತ ಮಾತು ಸುರು ಮಾಡಿದ್ರಿ.”

ಹಾಗೆ ಅಂದೆನೇ? ನನಗೆ ನೆನಪಿಲ್ಲ. ಅನ್ನಲಿಲ್ಲ ಎಂದು ಆಣೆ ಮಾಡಿ ಹೇಳುವಷ್ಟು ಧೈರ್ಯವೂ ಇಲ್ಲ. ಕಾಲೇಜಿನಲ್ಲಿ ದಿನವೂ ಮಾತಾಡುವ ಗ್ರಾಂಥಿಕ ಕನ್ನಡ ಮೈಕಿನ ಮುಂದೆ ನಿಂತಾಗ ತಾನಾಗಿ ಬರುತ್ತದೆ. ಅದರ ಬೆನ್ನಿಗೆ ಇಂಥ ಮಾತುಗಳೂ ಬಂದಿರಬಹುದು.

ಗೆಳೆಯ ನನ್ನನ್ನು ಬಸ್ ನಿಲ್ದಾಣದವರೆಗೆ ಗಾಡಿಯ ಮೇಲೆ ಬಿಡಲು ಬಂದ. ಇಳಿದ ಮೇಲೆ ಗಾಡಿ ಬಂದ್ ಮಾಡಿ ಅಲ್ಲೇ ಕೂತ.

“ನಾ ಹೇಳಬೇಕಿತ್ತು ನಿನಗ,” ಎಂದ. “ನಂಗ ಕಂಡಿತ್ತು. ಆದ್ರ ನಾನೇ ಶಾಲ್ ಹೊದಿಸೀನಿ. ಹೊದಿಸಿದ ಕೈಲೆ ಹ್ಯಾಂಗ ತೋರಸಲಿ?”

“ಆಮ್ಯಾಲ ಫೋನಿನಾಗ ಹೇಳಬಹುದಿತ್ತು.”

“ಆಮ್ಯಾಲ ಅಷ್ಟೊತ್ತಿಗಿ ಎಲ್ಲರೂ ಆಕಿ ಪೇಜಿಗಿ ಹತ್ತಿಬಿಟ್ಟಿದ್ರು. ಮೊಬೈಲ್ ಅಂಗಡ್ಯಾಂವ ಬಟನ್ ಬಣ್ಣ ಹಚ್ಚಿಕೊಟ್ಟ, ಅಡತಿ ಕಾಕಾ ತಮ್ಮ ಅಂಗಡಿ ಮಂದಿ ಕೂಡಿಸಿದ್ರು, ಉರ್ದು ನಾ ಬರದೆ. ಬೈದವ್ರೇ ಎಲ್ಲ ಕೂಡಿ ಮಾಡಿದ್ರು. ನಿಂದು ಪೂರಾ ತಯಾರ ಇತ್ತು. ನಮಗ ಅದರಾಗ ಏನೂ ಕೆಲಸ ಇರಲಿಲ್ಲ.”

ನಾನು ಬಿಳಿ ಗಡ್ಡದ ಮಾಸ್ತರರ ಬಗ್ಗೆ ಕೇಳಿದೆ. ಅವರು ಬೆರಳು ಎತ್ತಿದ್ದರಲ್ಲ, ಯಾರೋ ತಡೆದರಲ್ಲ ಎಂದೆ. ಗೆಳೆಯ ನನ್ನ ಮುಖ ನೋಡಿದ.

“ಅವರು ಅವತ್ತ ಎಲ್ಲಿ ಬಂದಿದ್ರು? ಜ್ವರ ಬಂದು ಮನ್ಯಾಗ ಮಲಗಿದ್ರು. ಹೋದ ವರ್ಷದ ಜಲ್ಸಾಕ್ಕ ಬಂದಿದ್ರು ನೋಡು.”

ಹಿಂದಿನ ವರ್ಷದ ಜಲ್ಸಾದಲ್ಲಿ ನಾನು ಮಾತಾಡಿರಲಿಲ್ಲ, ಸುಮ್ಮನೆ ಕೂತು ಕೇಳಿ ಬಂದಿದ್ದೆ. ಹಾಗಾದರೆ ಆ ಬೆರಳು ಯಾರದು, ಯಾವ ವರ್ಷದ್ದು, ಯಾವ ಪರದೆಯ ಕಡೆ ಎದ್ದದ್ದು? ನನ್ನ ತಪ್ಪನ್ನು ತೋರಿಸಲು ಒಬ್ಬರಾದರೂ ಬಯಸಿದ್ದರು ಎಂಬ ಆಸೆಯೇ ಆ ಬೆರಳನ್ನು ಅಲ್ಲಿಂದ ಇಲ್ಲಿಗೆ ತಂದು ಇಟ್ಟಿರಬಹುದು. ಗೆಳೆಯನ ನೆನಪೇ ತಪ್ಪಿರಬಹುದು ಎಂದೂ ವಾದಿಸಬಲ್ಲೆ. ವಾದಿಸಿದ್ದೇನೆ ಕೂಡ, ಒಬ್ಬನೇ ಕೂತು.

ಇನ್ನೊಂದು ಅನುಮಾನವನ್ನೂ ಬರೆದಿಡಬೇಕು. ನಾನು ಮೆಹಮಾನ್, ಅತಿಥಿ, ಎಂಬ ವಿವರಣೆ ನನಗೆ ಬಹಳ ಅನುಕೂಲವಾದದ್ದು. ಅದನ್ನು ಒಪ್ಪಿದರೆ ನನ್ನ ಭಾಷಣ ಚೆನ್ನಾಗಿತ್ತು, ಅವರ ಮರ್ಯಾದೆಯೇ ನನಗೆ ಮುಳುವಾಯಿತು ಎಂದು ಆರಾಮವಾಗಿ ಇರಬಹುದು. ಆದರೆ ಊಟವಾದ ಮೇಲಿನ ಹೊತ್ತು ಅದು. ಬಿರಿಯಾನಿ ಉಂಡ ಸಭೆ. ನಾನು ನೀರಸವಾಗಿ ಮಾತಾಡಿರಬಹುದು, ಅವರಿಗೆ ಬೇಗ ಮುಗಿದರೆ ಸಾಕಾಗಿರಬಹುದು. ಕೆಲವರಿಗೆ ತಪ್ಪು ಕಂಡಿರಲಿಕ್ಕೂ ಇಲ್ಲ. ಇದರಲ್ಲಿ ಯಾವುದು ನಿಜ ಎಂದು ಪರೀಕ್ಷಿಸುವ ದಾರಿ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಅವಳ ಪುಟಕ್ಕೆ ಬೈದವರೆಲ್ಲ ಆಮೇಲೆ ಅದನ್ನು ಕಟ್ಟಲು ಬಂದರು. ನನ್ನ ಪುಟವನ್ನು ಹೊಗಳಿದವರು ಮನೆಗೆ ಹೋದರು.

ಹುಮನಾಬಾದಿನ ಮನೆಯ ಮಾಲೀಕರಿಗೆ ಫೋನು ಮಾಡಿ, ಬರುವುದಿಲ್ಲ ಎಂದೆ. ಅವರು ಕಾರಣ ಕೇಳಲಿಲ್ಲ. “ಇರಲಿ ಬಿಡ್ರಿ ಸರ್, ಯಾವಾಗರೆ ಊರಿಗಿ ಬಂದಾಗ ಚಾಕ್ಕ ಬರ್ರಿ” ಎಂದರು.

ಮುಂದಿನ ವರ್ಷವೂ ಜಲ್ಸಾಕ್ಕೆ ಹೋದೆ. ಗೆಳೆಯ ಮಾತಾಡಲು ಕರೆದ. ನಾನು ಒಲ್ಲೆ, ಮಂದಿಯಲ್ಲಿ ಕೂತುಕೊಳ್ಳುತ್ತೇನೆ ಎಂದೆ. ಈ ಸಲವಾದರೂ ರಾಯ್ ಕೊಡುವವರ ಪೈಕಿ ಒಬ್ಬನಾಗಬೇಕೆಂಬ ಲೆಕ್ಕಾಚಾರ ನನ್ನದು. ಒಮ್ಮೆ ಅವಳ ಜೊತೆ ಎಲ್ಲರೆದುರು ಜಗಳಾಡಿದರೆ, ಅವಳೂ ನನಗೆ ಎರಡು ಮಾತು ತಿರುಗಿಸಿ ಅಂದರೆ, ಹೋದದ್ದರಲ್ಲಿ ಸ್ವಲ್ಪವಾದರೂ ಮರಳಿ ಬರುತ್ತದೆ ಎಂದುಕೊಂಡಿದ್ದೆ. ಮುಂದಿನ ಸಾಲಿಗೆ ಬನ್ನಿ ಎಂದು ಎರಡು ಸಲ ಕರೆದರೂ ಹೋಗದೆ, ಅಡತಿ ಕಾಕಾನ ಪಕ್ಕದಲ್ಲಿ ಕೂತೆ.

ಅವಳು ಮಾರುಕಟ್ಟೆಯ ಪುಟದ ಹೊಸ ರೂಪವನ್ನು ತೋರಿಸಿದಳು. ನಾನು ಅದನ್ನು ಮೊದಲೇ ನನ್ನ ಹಳೆಯ ಫೋನಿನಲ್ಲಿ ತೆರೆದು ಮೂಲೆಮೂಲೆ ನೋಡಿಟ್ಟುಕೊಂಡಿದ್ದೆ. ಸಣ್ಣ ಪರದೆಯ ಫೋನಿನಲ್ಲಿ ಕೊನೆಯ ಎರಡು ಕಾಳುಗಳ ದರ ಅಂಚಿನಾಚೆ ಮುಚ್ಚಿಹೋಗುತ್ತಿತ್ತು. ಮೈಕು ಕಾಕಾನ ಕೈಯಿಂದ ನನ್ನ ಕೈಗೆ ಬಂತು. ಎದ್ದು ನಿಂತೆ. ಹೇಗೆ ಹೇಳಬೇಕೆಂದು ಬಸ್ಸಿನಲ್ಲೇ ಯೋಚಿಸಿಕೊಂಡಿದ್ದೆ, ಮನೆಯ ಮಾತಿನಲ್ಲೇ.

“ನಿನ್ನ ಪೇಜಿನಾಗ ಉದ್ದು, ಜೋಳ ಎಲ್ಲಿ ಓಡಿ ಹೋಗ್ಯಾವವಾ? ಸಣ್ಣ ಫೋನಿನವರು ಅವು ಮಾರೂದು ಬ್ಯಾಡೇನು?”

ಒಬ್ಬಿಬ್ಬರು ತಿರುಗಿ ನನ್ನನ್ನು ನೋಡಿದರು. ಯಾರೋ ಮೆಲ್ಲಗೆ ನಕ್ಕರು, ಅದು ಒಳ್ಳೆಯ ನಗೆಯೇ. ವೇದಿಕೆಯ ಮೇಲೆ ಅವಳು ತನ್ನ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟು ನೆಟ್ಟಗೆ ನಿಂತಳು.

“ಹೌದ್ರಿ ಸರ್. ಭಾಳ ಛಲೋ ಪಾಯಿಂಟ್ ಹೇಳಿದ್ರಿ. ತಿದ್ದತೀನ್ರಿ.”

ಅಷ್ಟೇ. ಇನ್ನೇನಾದರೂ ಅನ್ನುತ್ತಾಳೆಂದು ನಾನು ಮೈಕು ಹಿಡಿದು ನಿಂತೇ ಇದ್ದೆ. ನಿಮ್ಮ ಫೋನು ಯಾವ ಕಾಲದ್ದು ಎನ್ನಬಹುದಿತ್ತು. ನಿಮ್ಮ ತೊಗರಿಯ ದರ ನಮಗೆ ಗೊತ್ತಿಲ್ಲವೇ ಎಂದಿದ್ದರಂತೂ ಅಲ್ಲೇ ಚಪ್ಪಾಳೆ ತಟ್ಟುತ್ತಿದ್ದೆ. ಅವಳು ಕೈ ಮುಂದೆ ಕಟ್ಟಿಕೊಂಡು, ನಾನು ಕೂಡುವುದನ್ನೇ ಕಾಯುತ್ತ, ಮುಗುಳ್ನಗುತ್ತ ನಿಂತಿದ್ದಳು. ಹಿಂದಿನ ಸಾಲಿನ ಮನ್ನಾಏಖೇಳ್ಳಿಯವನು ಎರಡೂ ಕೈ ಚಾಚಿ ಮೈಕು ಇಸಿದುಕೊಂಡ. “ಸರ್ ಹೇಳಿದ್ದು ಖರೆ ಅದ,” ಎಂದು ಮರ್ಯಾದೆಗೆ ಒಂದು ಮಾತು ಆಡಿ, ದನಿ ಏರಿಸಿ ಅವಳ ಮೇಲೆ ಬಿದ್ದ. ಅವಳು ಸೊಂಟದ ಮೇಲೆ ಕೈ ಇಟ್ಟು ತಿರುಗಿ ಬಿದ್ದಳು. ಸಭೆ ನಗತೊಡಗಿತು. ನಾನು ಕೂತೆ.